ಕಾರ್ಯಕಾರಣಗಳೂ ಇಂಗ್ಲಿಷ್ ವಾಕ್ಯವೂ

‘ಏನು’, ‘ಎಲ್ಲಿ’, ‘ಯಾವಾಗ’ ಎಂಬ ಪ್ರಶ್ನೆಗಳಿಗೆ ಒಂದೆರಡು ಪದಗಳಲ್ಲಿ ಉತ್ತರ ಹೇಳಿ ಪಾರಾಗಬಹುದು. ‘ಏಕೆ’ ಎಂಬ ಪ್ರಶ್ನೆಗೆ ಹಾಗಾಗದು. ಅಲ್ಲಿ ಎರಡು ಸಂಗತಿಗಳನ್ನು ಹೇಳಬೇಕು. ಅವುಗಳಲ್ಲಿ ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ತೋರಿಸಬೇಕು. ಆ ಎರಡನ್ನೂ ಬೆಸೆಯುವ ಮಾತನ್ನು ಸರಿಯಾದ ಸ್ಥಾನದಲ್ಲಿ ಇಡಬೇಕು. ನಮ್ಮ ಕಾಸರಗೋಡಿನ ಕಡೆಯ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಆಮೇಲೆ ವಿಜ್ಞಾನ, ವಾಣಿಜ್ಯಗಳನ್ನು ಇಂಗ್ಲಿಷಿನಲ್ಲಿ ಓದಿ ಬರೆಯಬೇಕಾಗುವ ಮಕ್ಕಳು ತಡವರಿಸುವುದು ಹೆಚ್ಚಾಗಿ ಈ ಎಡೆಯಲ್ಲಿಯೇ. ಹುಡುಗನಿಗೆ ವಿಷಯ ಗೊತ್ತಿರುತ್ತದೆ. ಮಳೆ ಬಂದುದರಿಂದ ನೆರೆ ಬಂತೆಂಬುದು ಅವನು ಕಣ್ಣಾರೆ ಕಂಡ ಸಂಗತಿ. ಆದರೂ ಅವನ ಉತ್ತರಪತ್ರಿಕೆಯಲ್ಲಿ ‘ದಿ ಫ್ಲಡ್ ರಿಸಲ್ಟೆಡ್ ಇನ್ ಹೆವಿ ರೈನ್’ ಎಂದು ಇರುತ್ತದೆ. ಎಂದರೆ ನೆರೆಯಿಂದ ಮಳೆ ಬಂತು! ಪರೀಕ್ಷಕರು ವಿಷಯವೇ ತಿಳಿದಿಲ್ಲವೆಂದು ಅಂಕವನ್ನು ಕಳೆಯುತ್ತಾರೆ. ತಿಳಿದದ್ದು ತಿಳಿಯದುದಾಗಿ ಕಾಣಿಸುವ ಈ ಅನ್ಯಾಯವನ್ನು ತಪ್ಪಿಸುವುದು ಇಂಗ್ಲಿಷ್ ಅಧ್ಯಾಪಕರ ಕೆಲಸ. ಅದಕ್ಕೆ ಕನ್ನಡದ ವ್ಯಾಕರಣವನ್ನೇ ಸಹಾಯಕ್ಕೆ ಕರೆಯಬಹುದೆಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಕಾರಣವನ್ನು ಹೇಳುವ ಭಾರವನ್ನು ಬಹುಮಟ್ಟಿಗೆ ವಿಭಕ್ತಿ ಪ್ರತ್ಯಯಗಳೇ ಹೊತ್ತಿವೆ. ಇದು ನಮ್ಮ ಪ್ರಾಚೀನರಿಗೆ ಚೆನ್ನಾಗಿ ತಿಳಿದ ವಿಷಯ. ಪಾಣಿನಿ ಹೇತುವಿನಲ್ಲಿ ತೃತೀಯೆ ಬರುತ್ತದೆಂದು ‘ಹೇತೌ’ ಎಂಬ ಒಂದೇ ಪದದ ಸೂತ್ರದಿಂದ ವಿಧಿಸಿದ್ದಾನೆ. ಕನ್ನಡದ ತೃತೀಯೆಯಾದ ‘ಇಂದ’ ಪ್ರತ್ಯಯವೂ ಇದೇ ಕೆಲಸವನ್ನು ಮಾಡುತ್ತದೆ. ಹಳಗನ್ನಡದ ವ್ಯಾಕರಣದಲ್ಲಿ ಪಂಚಮಿಗೆ ‘ಅತ್ತಣಿಂ’ ಎಂದೂ, ನಾವು ಶಾಲೆಯಲ್ಲಿ ಕಲಿತ ಪಟ್ಟಿಯಲ್ಲಿ ‘ದೆಸೆಯಿಂದ’ ಎಂದೂ ಇರುವುದನ್ನು ನೋಡಿದರೆ, ಪಂಚಮಿಯೊಳಗೂ ಆ ‘ಇಂ’ಕಾರವೇ ಅಡಗಿ ಕುಳಿತಿರುವುದು ಕಾಣುತ್ತದೆ. ಚತುರ್ಥಿಯೂ ಸುಮ್ಮನಿಲ್ಲ. ‘ಬಿಸಿಲಿಗೆ ಎಲೆ ಬಾಡಿತು’, ‘ಗಾಳಿಗೆ ಬಾಳೆ ಮುರಿಯಿತು’, ‘ನಾನು ಹೇಳಿದ್ದಕ್ಕೆ ಸಿಟ್ಟಾದನು’ ಎಂದು ನಾವು ಹಗಲೂ ರಾತ್ರಿ ಆಡುತ್ತೇವೆ. ಇಲ್ಲಿ ‘ಗೆ’, ‘ಕ್ಕೆ’ಗಳು ಕೊಡುವ ಅರ್ಥದಲ್ಲಿಲ್ಲ, ಹೋಗುವ ಅರ್ಥದಲ್ಲಿಯೂ ಇಲ್ಲ, ಶುದ್ಧವಾದ ಕಾರಣಾರ್ಥದಲ್ಲಿವೆ. ಚತುರ್ಥಿಯೆಂದರೆ ‘ಟು’ ಅಥವಾ ‘ಫಾರ್’ ಎಂದು ಬಾಯಿಪಾಠ ಮಾಡಿದ ಹುಡುಗನು ‘ದಿ ಲೀವ್ಸ್ ಡ್ರೈಡ್ ಟು ದಿ ಸನ್’ ಎಂದು ಬರೆದರೆ ಅದು ದಡ್ಡತನವಲ್ಲ. ಅವನು ತನ್ನ ಭಾಷೆಗೆ ನಿಷ್ಠನಾಗಿದ್ದಾನೆ, ಅಷ್ಟೆ.

ನಮ್ಮ ಒಂದು ‘ಇಂದ’ಕ್ಕೆ ಇಂಗ್ಲಿಷಿನಲ್ಲಿ ಹಲವು ಉಪಸರ್ಗಗಳು ಹಂಚಿಹೋಗಿವೆ. ಚಳಿಯಿಂದ ನಡುಗಿದರೆ ‘ವಿತ್’; ಹಸಿವಿನಿಂದ ಸತ್ತರೆ ‘ಆಫ್’; ತಲೆನೋವಿನಿಂದ ನರಳಿದರೆ ‘ಫ್ರಮ್’; ಕರುಣೆಯಿಂದ ಕೊಟ್ಟರೆ ‘ಔಟ್ ಆಫ್’; ಅಜಾಗ್ರತೆಯಿಂದ ಕಳೆದುಕೊಂಡರೆ ‘ಥ್ರೂ’; ಸಂತೋಷದಿಂದ ಕುಣಿದರೆ ‘ಫಾರ್’. ಇವುಗಳನ್ನು ಪಟ್ಟಿಮಾಡಿ ಉರುಹೊಡೆಸುವುದರಿಂದ ಪ್ರಯೋಜನ ಸ್ವಲ್ಪ. ಆದರೆ ಇವುಗಳಲ್ಲಿ ಒಂದು ಒಳನಿಯಮ ಉಂಟು. ಮೈಮನಸ್ಸುಗಳನ್ನು ಆ ಹೊತ್ತಿನಲ್ಲಿ ತುಂಬಿಕೊಂಡಿರುವ ಕಾರಣಕ್ಕೆ ‘ವಿತ್’ ಬರುತ್ತದೆ. ಒಳಗಿನಿಂದ ಹೊರಕ್ಕೆ ದೂಡುವ ಪ್ರೇರಣೆಗೆ ‘ಔಟ್ ಆಫ್’. ಯಾವುದೊಂದು ದೋಷವು ದಾರಿಯಾಗಿ ಅನಾಹುತ ನುಗ್ಗಿತೋ ಆ ದೋಷಕ್ಕೆ ‘ಥ್ರೂ’. ಈ ಮೂರನ್ನು ಅಭಿನಯಿಸಿ ತೋರಿಸಿದರೆ ಏಳನೆಯ ತರಗತಿಯ ಮಕ್ಕಳಿಗೂ ತಿಳಿಯುತ್ತದೆ.

ಇನ್ನು ವಾಕ್ಯಗಳನ್ನು ಬೆಸೆಯುವ ಮಾತುಗಳು. ‘ಬಿಕಾಸ್’ ಎಂಬುದು ಹುಟ್ಟಿನಲ್ಲಿ ಒಂದು ಪದವಲ್ಲ. ‘ಬೈ’ ಮತ್ತು ‘ಕಾಸ್’ ಎಂಬೆರಡು ಕೂಡಿ, ಫ್ರೆಂಚ್ ನುಡಿಗಟ್ಟೊಂದರ ಅಚ್ಚಿನಲ್ಲಿ, ಮಧ್ಯಯುಗದ ಇಂಗ್ಲಿಷಿನಲ್ಲಿ ಬೆಳೆದ ಸಮಾಸ. ‘ಕಾರಣದಿಂದ’ ಎಂದೇ ಅದರ ಅಕ್ಷರಾರ್ಥ. ನಮ್ಮ ‘ಆದಕಾರಣ’ದ ನೆಂಟನೆನ್ನಬಹುದು. ‘ಸಿನ್ಸ್’ ಮೊದಲಲ್ಲಿ ಕಾಲವಾಚಕ. ‘ಆಮೇಲೆ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ಕಾಲವನ್ನು ಹೇಳುತ್ತಿದ್ದ ಮಾತು ಕಾರಣವನ್ನು ಹೇಳತೊಡಗಿದ್ದು ಹೇಗೆಂದು ಆಶ್ಚರ್ಯಪಡಬೇಕಾಗಿಲ್ಲ. ‘ನೀವೇ ಹೇಳಿದ ಮೇಲೆ ನಾನು ಒಪ್ಪದಿರುವುದು ಹೇಗೆ?’ ಎಂದು ನಾವೂ ಹೇಳುವುದುಂಟಷ್ಟೆ. ಆ ‘ಮೇಲೆ’ಯೇ ‘ಸಿನ್ಸ್’. ಈ ಒಂದು ಉದಾಹರಣೆ ತರಗತಿಯಲ್ಲಿ ಅರ್ಧ ಗಂಟೆಯ ವಿವರಣೆಯನ್ನು ಉಳಿಸುತ್ತದೆ. ಏಕೆಂದರೆ ‘ಸಿನ್ಸ್’ ಮತ್ತು ‘ಬಿಕಾಸ್’ಗಳ ಭೇದವೂ ಇದರಲ್ಲಿಯೇ ಇದೆ. ಕೇಳುವವನಿಗೆ ಕಾರಣವು ಮೊದಲೇ ಗೊತ್ತಿದ್ದರೆ ‘ಸಿನ್ಸ್’ ಅಥವಾ ‘ಆ್ಯಸ್’ ಸಾಕು. ಕಾರಣವೇ ಹೊಸ ಸುದ್ದಿಯಾದರೆ ‘ಬಿಕಾಸ್’ ಬೇಕು. ಆದುದರಿಂದಲೇ ‘ವೈ’ ಎಂಬ ಪ್ರಶ್ನೆಗೆ ಉತ್ತರವನ್ನು ‘ಸಿನ್ಸ್’ನಿಂದ ಆರಂಭಿಸುವುದಿಲ್ಲ. ಕೇಳಿದವನಿಗೆ ಗೊತ್ತಿದ್ದರೆ ಅವನು ಕೇಳುತ್ತಲೇ ಇರಲಿಲ್ಲವಲ್ಲ!

ಮಕ್ಕಳ ಬರವಣಿಗೆಯಲ್ಲಿ ಅತ್ಯಂತ ಸಾಮಾನ್ಯವಾದ ದೋಷ ‘ಬಿಕಾಸ್’ನಿಂದ ತೊಡಗಿ ಅಲ್ಲಿಗೇ ಮುಗಿಯುವ ಅರೆವಾಕ್ಯ. ‘ಹಿ ಡಿಡ್ ನಾಟ್ ಕಮ್’ ಎಂದು ಬರೆದು ಪೂರ್ಣವಿರಾಮ. ಬಳಿಕ ‘ಬಿಕಾಸ್ ಹಿ ಹ್ಯಾಡ್ ಫೀವರ್’ ಎಂದು ಇನ್ನೊಂದು ಪೂರ್ಣವಿರಾಮ. ಇದರ ಮೂಲವು ಕನ್ನಡದ ‘ಏಕೆಂದರೆ’ಯಲ್ಲಿದೆ. ‘ಏಕೆ ಎಂದರೆ’ ಎಂಬುದು ನಿಜವಾಗಿ ಒಂದು ಪ್ರಶ್ನೆಯನ್ನು ತಾನೇ ಹಾಕಿಕೊಂಡು ಉತ್ತರಕ್ಕೆ ಹೊರಡುವ ಮಾತು. ಅದರ ಮುಂದಿನದು ಸ್ವತಂತ್ರ ವಾಕ್ಯ. ‘ಅವನು ಬರಲಿಲ್ಲ. ಏಕೆಂದರೆ ಅವನಿಗೆ ಜ್ವರವಿತ್ತು.’ ಕನ್ನಡದಲ್ಲಿ ಇದು ನಿರ್ದುಷ್ಟ. ಇಂಗ್ಲಿಷಿನ ‘ಬಿಕಾಸ್’ ಹಾಗಲ್ಲ. ತನ್ನ ಹಿಂದಿನ ವಾಕ್ಯದ ಸೆರಗನ್ನು ಹಿಡಿದೇ ನಡೆಯಬೇಕಾದ ಅಧೀನ ಪದ. ‘ಏಕೆಂದರೆ’ಗೆ ಹೆಚ್ಚು ಹತ್ತಿರದ್ದು ‘ಫಾರ್’. ಅದು ಯಾವಾಗಲೂ ಎರಡನೆಯದಾಗಿಯೇ ಬರುತ್ತದೆ, ವಾಕ್ಯದ ಮೊದಲಿಗೆ ಎಳೆದು ತರಲಾಗದು. ಆದರೆ ಇಂದಿನ ಇಂಗ್ಲಿಷಿನಲ್ಲಿ ‘ಫಾರ್’ ಗ್ರಂಥಸ್ಥವಾಗಿ ಕೇಳಿಸುವುದರಿಂದ ಮಕ್ಕಳಿಗೆ ಓದಲು ಕಲಿಸಿದರೆ ಸಾಕು, ಬರೆಯಲು ಒತ್ತಾಯಿಸಬೇಕಾಗಿಲ್ಲ. ಎರಡನೆಯ ದೋಷ, ‘ಬಿಕಾಸ್’ನಿಂದ ಆರಂಭಿಸಿದ ವಾಕ್ಯದ ನಡುವೆ ಮತ್ತೆ ‘ಸೋ’ ಹಾಕುವುದು. ಇಂಗ್ಲಿಷಿನ ಗಂಟು ಒಂದೇ ಕಡೆ; ಕಾರಣಕ್ಕೆ ಗುರುತು ಹಾಕಿದ ಮೇಲೆ ಕಾರ್ಯಕ್ಕೆ ಬೇರೆ ಗುರುತು ಬೇಡ.

ಗಡಿನಾಡಿನವರಾದ ನಮಗೆ ಇಲ್ಲಿ ಒಂದು ಅನುಕೂಲವಿದೆ. ‘ಮಳೆ ಬಂತೆಂದು ಹೋಗಲಿಲ್ಲ’ ಎಂಬಲ್ಲಿ ‘ಎಂದು’ ಎಂಬುದು ‘ಎನ್’ ಧಾತುವಿನ ರೂಪ. ‘ಹೀಗೆಂದು ಹೇಳಿ’ ಎಂಬ ಮಾತೇ ಕಾರಣವಾಚಕವಾಗಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಮಕ್ಕಳು ಮರಾಠಿಯಲ್ಲಿ ಕೇಳುವ ‘ಮ್ಹಣೂನ್’ ಇದೇ ಅಚ್ಚಿನದು. ‘ಹೇಳಿ’ ಎಂಬ ಅರ್ಥದ ಕ್ರಿಯಾಪದವೇ ‘ಆದುದರಿಂದ’ ಎಂಬ ಅರ್ಥಕ್ಕೆ ತಿರುಗಿದೆ. ಆದವಾನಿ, ರಾಯದುರ್ಗಗಳ ಕಡೆಯ ತೆಲುಗಿನ ‘ಅನಿ’ಯೂ ಅದರ ಒಡಹುಟ್ಟು. ಮರಾಠಿಯು ಆರ್ಯಭಾಷೆ, ಕನ್ನಡ ತೆಲುಗುಗಳು ದ್ರಾವಿಡ. ಕುಲ ಬೇರೆಯಾದರೂ ನೆರೆಹೊರೆಯಲ್ಲಿ ಬಹುಕಾಲ ಬಾಳಿದ ಭಾಷೆಗಳು ಕಾರಣ ಹೇಳುವ ಬಗೆಯನ್ನು ಹಂಚಿಕೊಂಡಿವೆ. ಇಂಗ್ಲಿಷಿನಲ್ಲಿ ಮಾತ್ರ ‘ಸೇಯಿಂಗ್’ ಎಂಬುದು ಎಂದೂ ‘ಬಿಕಾಸ್’ ಆಗುವುದಿಲ್ಲ. ಗಡಿಯ ಯಾವ ಮೂಲೆಯ ಮಗುವಿಗಾದರೂ ಈ ಭೇದವನ್ನು ಒಂದೇ ಸಾಮ್ಯದಿಂದ ತಿಳಿಸಬಹುದು.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಎರಡು ವಿಷಯಗಳಿಗೆ ಬರುತ್ತೇನೆ. ಮೊದಲನೆಯದು ನಿಷೇಧ. ‘ಹಿ ಡಿಡ್ ನಾಟ್ ಕಮ್ ಬಿಕಾಸ್ ಹಿ ವಾಸ್ ಇನ್ವೈಟೆಡ್’ ಎಂಬ ವಾಕ್ಯಕ್ಕೆ ಅರ್ಥವೇನು? ಕರೆದರೆಂಬ ಕಾರಣಕ್ಕಾಗಿ ಅವನು ಬಂದುದಲ್ಲ, ಬಂದುದು ಬೇರೆ ಕಾರಣದಿಂದ ಎಂದು ಒಂದು ಅರ್ಥ. ಕರೆದರೆಂಬ ಕಾರಣಕ್ಕೇ ಅವನು ಬಾರದೆ ಉಳಿದನು ಎಂದು ಇನ್ನೊಂದು. ಅಂಥ ಸ್ವಾಭಿಮಾನಿಗಳೂ ಲೋಕದಲ್ಲಿ ಇದ್ದಾರೆ. ಮೊದಲ ಅರ್ಥದಲ್ಲಿ ಮನುಷ್ಯ ಸಭೆಯಲ್ಲಿದ್ದಾನೆ, ಎರಡನೆಯದರಲ್ಲಿ ಮನೆಯಲ್ಲಿದ್ದಾನೆ! ಇಂಗ್ಲಿಷಿನ ‘ನಾಟ್’ ಯಾವುದನ್ನು ನಿಷೇಧಿಸುತ್ತದೆ, ಕ್ರಿಯೆಯನ್ನೋ ಕಾರಣವನ್ನೋ ಎಂಬುದು ವಾಕ್ಯವನ್ನು ನೋಡಿದೊಡನೆ ತಿಳಿಯದು. ಆಡುವಾಗ ಧ್ವನಿಯ ಏರಿಳಿತದಿಂದ ತಿಳಿಯಬಹುದು. ಬರೆಯುವಾಗ ‘ಬಿಕಾಸ್’ನ ಹಿಂದೆ ಅಲ್ಪವಿರಾಮ ಹಾಕಿಯೋ, ಕಾರಣವನ್ನು ವಾಕ್ಯದ ಮೊದಲಿಗೆ ತಂದೋ ಸಂದೇಹವನ್ನು ನಿವಾರಿಸಬೇಕು. ಕನ್ನಡದಲ್ಲಿ ಈ ತೊಡಕೇ ಇಲ್ಲ. ‘ಕರೆದರೆಂದು ಬರಲಿಲ್ಲ’, ‘ಕರೆದರೆಂದು ಬಂದುದಲ್ಲ’. ಕ್ರಿಯೆಯನ್ನು ‘ಇಲ್ಲ’ವು ತಳ್ಳುತ್ತದೆ, ಕಾರಣವನ್ನು ‘ಅಲ್ಲ’ವು ತಳ್ಳುತ್ತದೆ. ‘ಇಲ್ಲ’, ‘ಅಲ್ಲ’ಗಳೆಂಬ ಈ ಎರಡು ಚಿಕ್ಕ ಮಾತುಗಳ ಬೆಲೆ ಇಂಗ್ಲಿಷ್ ಕಲಿಸುವಾಗಲೇ ನನಗೆ ಹೆಚ್ಚಾಗಿ ಮನಸ್ಸಿಗೆ ಬಂದಿದೆ. ಅಂಥ ವಾಕ್ಯವನ್ನು ಮಕ್ಕಳಿಂದ ಎರಡು ಬಗೆಯಾಗಿ ಕನ್ನಡಿಸಿ ಹೇಳಿಸುವುದೇ ಅದನ್ನು ಕಲಿಸುವ ನೇರದಾರಿ.

ಎರಡನೆಯದು, ಕಾರಣದಲ್ಲಿಯೂ ಎರಡು ಜಾತಿಯಿದೆ ಎಂಬುದು. ತರ್ಕಶಾಸ್ತ್ರದ ಪ್ರಸಿದ್ಧ ದೃಷ್ಟಾಂತವನ್ನು ನೆನೆಯೋಣ: ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆಯಿರುವುದರಿಂದ. ಇಲ್ಲಿ ಹೊಗೆಯು ಬೆಂಕಿಗೆ ಕಾರಣವೇ? ಅಲ್ಲ, ಬೆಂಕಿಯೇ ಹೊಗೆಗೆ ಕಾರಣ. ಹೊಗೆಯು ಬೆಂಕಿಯ ತಿಳಿವಿಗೆ ಕಾರಣ. ಹಿಂದಿನವರು ಮೊದಲನೆಯದನ್ನು ಕಾರಕಹೇತುವೆಂದೂ, ಎರಡನೆಯದನ್ನು ಜ್ಞಾಪಕಹೇತುವೆಂದೂ ಬೇರ್ಪಡಿಸಿದರು. ಇಂಗ್ಲಿಷ್ ವ್ಯಾಕರಣಕ್ಕೂ ಇದು ಹಾಗೆಯೇ ಹೊಂದುತ್ತದೆ. ‘ದಿ ಲ್ಯಾಂಪ್ ವೆಂಟ್ ಔಟ್ ಬಿಕಾಸ್ ದೇರ್ ವಾಸ್ ನೋ ಆಯಿಲ್’ ಎಂಬಲ್ಲಿರುವುದು ಕಾರಕಹೇತು. ‘ಹಿ ಮಸ್ಟ್ ಬಿ ಅಟ್ ಹೋಮ್, ಬಿಕಾಸ್ ದಿ ಲ್ಯಾಂಪ್ ಈಸ್ ಬರ್ನಿಂಗ್’ ಎಂಬಲ್ಲಿರುವುದು ಜ್ಞಾಪಕಹೇತು. ದೀಪ ಉರಿಯುವುದರಿಂದ ಅವನು ಮನೆಯಲ್ಲಿರುವುದಲ್ಲ, ಹಾಗೆಂದು ನಾವು ಊಹಿಸುವುದು. ಇದಕ್ಕೆ ಪರೀಕ್ಷೆ ಬಹು ಸುಲಭ. ಮೊದಲನೆಯ ವಾಕ್ಯವನ್ನು ‘ಇಟ್ ವಾಸ್ ಬಿಕಾಸ್’ ಎಂದು ತಿರುಗಿಸಿ ಬರೆಯಬಹುದು, ಎರಡನೆಯದನ್ನು ಬರೆಯಲಾಗದು. ಜ್ಞಾಪಕಹೇತುವಿಗೆ ಮುಂಚೆ ಅಲ್ಪವಿರಾಮ ಬೇಕು, ಕಾರಕಹೇತುವಿಗೆ ಸಾಮಾನ್ಯವಾಗಿ ಬೇಡ. ಅನೇಕ ವ್ಯಾಕರಣ ಪುಸ್ತಕಗಳು ಈ ಅಲ್ಪವಿರಾಮವನ್ನು ಬರಿಯ ಪದ್ಧತಿಯೆಂಬಂತೆ ಹೇಳಿ ಬಿಡುತ್ತವೆ. ಅದರ ಬುಡದಲ್ಲಿ ನ್ಯಾಯಶಾಸ್ತ್ರದ ಒಂದು ತತ್ತ್ವವೇ ಇದೆಯೆಂದು ಹೇಳಿದರೆ, ಬುದ್ಧಿವಂತ ಮಕ್ಕಳು ಅದನ್ನು ಮರೆಯುವುದಿಲ್ಲ.

‘ದೋ’ ಎಂಬ ಪದವನ್ನೂ ಈ ಪ್ರಕರಣದಲ್ಲಿಯೇ ಸೇರಿಸಿ ಕಲಿಸುವುದು ಒಳ್ಳೆಯದು. ಕಾರಣವಿದ್ದೂ ಕಾರ್ಯ ನಡೆಯದೆ ಹೋಗುವುದನ್ನು ನಮ್ಮ ಅಲಂಕಾರಿಕರು ವಿಶೇಷೋಕ್ತಿ ಎಂದರು; ಇಂಗ್ಲಿಷಿನವರು ಅದಕ್ಕೆ ‘ದೋ’ ಎನ್ನುತ್ತಾರೆ. ಮಳೆ ಬಂದರೂ ಕೆರೆ ತುಂಬಲಿಲ್ಲ.

ನಾಮಪದ, ಕ್ರಿಯಾಪದಗಳ ವಿಷಯದಲ್ಲಿ ಒಂದು ಉದಾಹರಣೆಯನ್ನೇ ಸ್ವಲ್ಪ ವಿಸ್ತಾರವಾಗಿ ನೋಡುವುದು ಲೇಸು. ನಮ್ಮ ತೋಟಗಳಲ್ಲಿ ಆಟಿ ತಿಂಗಳ ಮಳೆಗೆ ಅಡಕೆಗೆ ಕೊಳೆರೋಗ ಬರುತ್ತದೆ. ‘ಮಳೆಗೆ ಅಡಕೆ ಕೊಳೆಯಿತು’ ಎಂದು ಕೃಷಿಕನು ಹೇಳುತ್ತಾನೆ. ಹಾಗಾದರೆ ‘ರೈನ್ ಕಾಸಸ್ ದಿ ರಾಟ್’ ಎಂದು ಬರೆಯಬಹುದೇ? ವಿಜ್ಞಾನದ ಪತ್ರಿಕೆಯಲ್ಲಿ ಬರೆದರೆ ತಪ್ಪು. ಕೊಳೆಗೆ ಕಾರಣ ‘ಫೈಟಾಫ್ತೊರ’ ಎಂಬ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಈ ರೋಗವನ್ನು ಕುರಿತು ಸಂಶೋಧನೆ ಮಾಡಿದರು. ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿ ನಮ್ಮ ತೋಟಗಳಲ್ಲಿ ಇಂದಿಗೂ ನಡೆದಿದೆ. ಮಳೆಯು ಆ ಜೀವಿಗೆ ಬೇಕಾದ ತೇವವನ್ನೂ ತಂಪನ್ನೂ ಒದಗಿಸಿ ಹರಡಲು ನೆರವಾಗುತ್ತದೆ. ಆದುದರಿಂದ ರೋಗವು ಸೂಕ್ಷ್ಮಜೀವಿಯಿಂದ ‘ಕಾಸ್ಡ್ ಬೈ’. ಮಳೆಯಿಂದ ‘ಫೇವರ್ಡ್ ಬೈ’. ಬುಡದಲ್ಲಿ ನೀರು ನಿಂತರೆ ‘ಆ್ಯಗ್ರವೇಟೆಡ್ ಬೈ’. ಬೆಳೆ ಹಾಳಾದದ್ದು ಅದರ ‘ರಿಸಲ್ಟ್’. ರೈತನ ಸಾಲ ಅದರ ‘ಕಾನ್ಸಿಕ್ವೆನ್ಸ್’. ಮೊದಲ ಸಿಂಪಡಣೆಯನ್ನು ಮುಂಗಾರಿನ ಮೊದಲೇ ಮುಗಿಸಲು ಇದೇ ‘ರೀಸನ್’. ‘ಕಾಸ್’ಗೂ ‘ರೀಸನ್’ಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಪ್ರಕೃತಿಯಲ್ಲಿ ನಡೆಯುವುದಕ್ಕೆ ‘ಕಾಸ್ ಆಫ್’, ಮನುಷ್ಯನು ತಿಳಿದು ಮಾಡುವುದಕ್ಕೆ ‘ರೀಸನ್ ಫಾರ್’. ಕನ್ನಡದಲ್ಲಿ ಎರಡಕ್ಕೂ ‘ಕಾರಣ’ವೇ ಆದುದರಿಂದ, ಅದರ ಜತೆಗೆ ಬರುವ ‘ಆಫ್’, ‘ಫಾರ್’ಗಳಲ್ಲಿಯೂ ಮಕ್ಕಳು ಎಡವುತ್ತಾರೆ.

‘ಕಾಸ್’ ಎಂಬ ಕ್ರಿಯಾಪದದ ಸ್ವಭಾವವೂ ವಿಚಿತ್ರ. ಅದು ಅಪಶಕುನದ ಹಕ್ಕಿ. ತೊಂದರೆ, ನೋವು, ಹಾನಿ, ಅಪಘಾತ ಇಂಥವುಗಳನ್ನೇ ಹೆಚ್ಚಾಗಿ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತದೆ. ಮೈಕೇಲ್ ಸ್ಟಬ್ಸ್ ಎಂಬ ಭಾಷಾವಿಜ್ಞಾನಿ 1995ರಲ್ಲಿ ಇಂಗ್ಲಿಷ್ ಬರವಣಿಗೆಯ ದೊಡ್ಡ ಸಂಗ್ರಹಗಳನ್ನು ಪರಿಶೀಲಿಸಿ ಇದನ್ನು ಎಣಿಕೆಯಿಂದಲೇ ತೋರಿಸಿಕೊಟ್ಟರು. ಆದಕಾರಣ ‘ಅಧ್ಯಾಪಕರ ಪರಿಶ್ರಮದಿಂದ ಶಾಲೆಗೆ ಕೀರ್ತಿ ಬಂತು’ ಎಂಬುದನ್ನು ‘ಕಾಸ್ಡ್’ ಎಂದು ಅನುವಾದಿಸಿದರೆ ಅಭಿನಂದನಪತ್ರವು ಆರೋಪಪಟ್ಟಿಯಂತೆ ಕೇಳಿಸುತ್ತದೆ. ಅಲ್ಲಿ ‘ಬ್ರಾಟ್’ ಅಥವಾ ‘ಅರ್ನ್ಡ್’ ಇರಬೇಕು. ‘ಲೀಡ್ ಟು’ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುತ್ತದೆ. ‘ರಿಸಲ್ಟ್ ಇನ್’, ‘ರಿಸಲ್ಟ್ ಫ್ರಮ್’ಗಳಲ್ಲಿ ‘ಫ್ರಮ್’ ನಮ್ಮ ‘ಇಂದ’ದಂತೆ ಹಿಂದಕ್ಕೆ, ಕಾರಣದ ಕಡೆಗೆ, ನೋಡುತ್ತದೆ, ‘ಇನ್’ ಮುಂದಕ್ಕೆ, ಕಾರ್ಯದ ಕಡೆಗೆ. ಕಪ್ಪುಹಲಗೆಯಲ್ಲಿ ಎರಡು ಬಾಣಗಳನ್ನು ಗೀಚಿದರೆ ಸಾಕು, ನೆರೆಯಿಂದ ಮಳೆ ಬರುವುದು ನಿಲ್ಲುತ್ತದೆ. ‘ಅಫೆಕ್ಟ್’, ‘ಎಫೆಕ್ಟ್’ಗಳ ಗೊಂದಲವಂತೂ ಇಂಗ್ಲಿಷಿನವರಿಗೇ ಇದೆ, ಮೊದಲನೆಯದು ಸಾಮಾನ್ಯವಾಗಿ ಕ್ರಿಯಾಪದ, ಎರಡನೆಯದು ಸಾಮಾನ್ಯವಾಗಿ ನಾಮಪದ ಎಂಬಷ್ಟು ತಿಳಿದರೆ ಪ್ರೌಢಶಾಲೆಗೆ ಸಾಕು.

‘ಡ್ಯೂ ಟು’ ವಿಷಯದಲ್ಲಿ ಹಳೆಯ ಅಧ್ಯಾಪಕರು ಬಹಳ ಕಟ್ಟುನಿಟ್ಟು. ‘ಡ್ಯೂ’ ಎಂಬುದು ವಿಶೇಷಣ, ಅದಕ್ಕೆ ಆತುಕೊಳ್ಳಲು ಒಂದು ನಾಮಪದ ಬೇಕು. ‘ಹಿಸ್ ಆ್ಯಬ್ಸೆನ್ಸ್ ವಾಸ್ ಡ್ಯೂ ಟು ಇಲ್‌ನೆಸ್’ ಸರಿ, ‘ಹಿ ವಾಸ್ ಆ್ಯಬ್ಸೆಂಟ್ ಡ್ಯೂ ಟು ಇಲ್‌ನೆಸ್’ ತಪ್ಪು, ಅಲ್ಲಿ ‘ಓಯಿಂಗ್ ಟು’ ಬೇಕು ಎಂದು ಅವರ ತೀರ್ಪು. 1926ರಲ್ಲಿ ಪ್ರಕಟವಾದ ಫೌಲರನ ಪ್ರಯೋಗಕೋಶವೂ ಈ ಪಕ್ಷದ್ದೇ. ಆದರೆ ಬಳಕೆ ಗೆದ್ದಿದೆ. ಇಂದಿನ ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ಹಳೆಯ ಭೇದವನ್ನು ತಿಳಿಸಬಹುದು, ಅದಕ್ಕಾಗಿ ಅಂಕ ಕಳೆಯಬಾರದೆಂಬುದು ನನ್ನ ಮತ. ‘ದಿ ರೀಸನ್ ಈಸ್ ಬಿಕಾಸ್’ ಎಂಬುದನ್ನು ಮಾತ್ರ ತಿದ್ದಬೇಕು. ‘ಕಾರಣವೇನೆಂದರೆ ಏಕೆಂದರೆ’ ಎಂದು ಕನ್ನಡದಲ್ಲಿ ಓದಿ ಹೇಳಿದರೆ ಹುಡುಗರು ತಾವೇ ನಗುತ್ತಾರೆ.

ಕ್ರಿಯಾಪದದೊಳಗೇ ಕಾರಣವನ್ನು ಅಡಕಮಾಡುವ ಉಪಾಯ ಎರಡು ಭಾಷೆಗಳಲ್ಲಿಯೂ ಉಂಟು. ನಮಗೆ ‘ಇಸು’ ಇದೆ: ಕಲಿ, ಕಲಿಸು, ಉಣ್ಣು, ಉಣಿಸು, ಬೀಳು, ಬೀಳಿಸು. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಇಂಥದೇ ಪ್ರತ್ಯಯವೊಂದು ಇದ್ದು ಸವೆದುಹೋಯಿತು. ಅದರ ಪಳೆಯುಳಿಕೆಗಳು ‘ಸಿಟ್’–‘ಸೆಟ್’, ‘ಲೈ’–‘ಲೇ’, ‘ಫಾಲ್’–‘ಫೆಲ್’ ಎಂಬ ಜೋಡಿಗಳು. ಮರವನ್ನು ಕಡಿದು ಬೀಳಿಸುವುದಕ್ಕೆ ‘ಫೆಲ್’ ಎನ್ನುವುದು ಈ ಕಾರಣದಿಂದಲೇ. ಉಳಿದೆಡೆಗಳಲ್ಲಿ ಬೇರೆ ಪದವನ್ನೇ ಹುಡುಕಬೇಕು: ಕಲಿಯುವುದು ‘ಲರ್ನ್’, ಕಲಿಸುವುದು ‘ಟೀಚ್’, ನೆನೆಯುವುದು ‘ರಿಮೆಂಬರ್’, ನೆನಪಿಸುವುದು ‘ರಿಮೈಂಡ್’. ‘ಹಿ ಲರ್ನ್ಡ್ ಮಿ ಇಂಗ್ಲಿಷ್’ ಎಂದು ಬರೆಯುವ ಹುಡುಗನನ್ನು ಗದರಿಸುವ ಮುನ್ನ, ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ಕ್ಯಾಲಿಬಾನನೂ ‘ಲರ್ನ್’ ಪದವನ್ನು ಕಲಿಸುವ ಅರ್ಥದಲ್ಲಿ ಬಳಸಿದ್ದಾನೆಂಬುದನ್ನು ನೆನೆಯಬೇಕು. ಇಂದು ಅದು ಶಿಷ್ಟವಲ್ಲ.

ಸಾಮಾನ್ಯ ಪ್ರೇರಣಾರ್ಥಕ್ಕೆ ಇಂಗ್ಲಿಷು ‘ಮೇಕ್’, ‘ಗೆಟ್’, ‘ಹ್ಯಾವ್’ಗಳನ್ನು ಇಟ್ಟುಕೊಂಡಿದೆ. ಒತ್ತಾಯವಿದ್ದರೆ ‘ಮೇಕ್’, ಒಪ್ಪಿಸಿ ಮಾಡಿಸಿದರೆ ‘ಗೆಟ್’, ಹೇಳಿ ಮಾಡಿಸಿದರೆ ‘ಹ್ಯಾವ್’. ‘ಗೆಟ್’ ಆದಮೇಲೆ ‘ಟು’ ಬೇಕು, ‘ಮೇಕ್’, ‘ಹ್ಯಾವ್’ಗಳಾದಮೇಲೆ ಬೇಡ. ಆದರೆ ‘ಮೇಕ್’ ಕರ್ಮಣಿಯಾದಾಗ ಬಿಟ್ಟುಹೋದ ‘ಟು’ ಮರಳಿ ಬರುತ್ತದೆ: ‘ಹಿ ವಾಸ್ ಮೇಡ್ ಟು ರೈಟ್’. ಕ್ಷೌರಿಕನಲ್ಲಿಗೆ ಹೋಗಿ ಬಂದ ಹುಡುಗ ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ಅವನ ಕೈಯಲ್ಲಿಯೇ ಇದ್ದಂತಾಯಿತು. ‘ಐ ಹ್ಯಾಡ್ ಮೈ ಹೇರ್ ಕಟ್’ ಎನ್ನಬೇಕು. ಈ ವಿಷಯದಲ್ಲಿ ಕನ್ನಡ ಬಹು ಪ್ರಾಮಾಣಿಕ ಭಾಷೆ. ನಮ್ಮ ಶಾಸನಗಳಲ್ಲಿ ಅರಸರೂ ಅಧಿಕಾರಿಗಳೂ ಕೆರೆಯನ್ನು ‘ಕಟ್ಟಿಸಿದರು’, ಬಸದಿಯನ್ನು ‘ಮಾಡಿಸಿದರು’. ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ಅವರೇ ‘ಬಿಲ್ಟ್’ ಮಾಡಿದರು. ಕಲ್ಲು ಹೊತ್ತವರಿಗೆ ಕನ್ನಡದ ಆ ‘ಇಸು’ವಿನಲ್ಲಿ ಒಂದಿಷ್ಟು ಜಾಗವಾದರೂ ಇದೆ.

ಕೊನೆಯದಾಗಿ ಭೂತಕೃದಂತದ ಮಾತು. ‘ಮಳೆ ಬಂದು ಕೆರೆ ತುಂಬಿತು’ ಎಂಬ ವಾಕ್ಯದಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃಗಳು ಬೇರೆಯಾದರೂ, ಅಪ್ರಯತ್ನವಾಗಿ ನಡೆಯುವ ಇಂಥ ಸಂಗತಿಗಳಲ್ಲಿ ಕನ್ನಡ ಅದನ್ನು ಸಹಿಸುತ್ತದೆ. ಇಂಗ್ಲಿಷಿನಲ್ಲಿ ‘ಹ್ಯಾವಿಂಗ್ ರೇನ್ಡ್ ಹೆವಿಲಿ, ದಿ ಟ್ಯಾಂಕ್ ಫಿಲ್ಡ್’ ಎಂದರೆ ಕೆರೆಯೇ ಮಳೆ ಸುರಿಸಿದಂತಾಗುತ್ತದೆ. ಅಲ್ಲಿ ಕೃದಂತದ ಕರ್ತೃವೂ ಮುಖ್ಯ ಕ್ರಿಯೆಯ ಕರ್ತೃವೂ ಒಂದೇ ಆಗಿರಬೇಕು. ‘ಹ್ಯಾವಿಂಗ್ ಮಿಸ್ಡ್ ದಿ ಬಸ್, ಹಿ ವಾಸ್ ಲೇಟ್’ ಎಂಬಲ್ಲಿ ಬಸ್ಸು ತಪ್ಪಿದವನೂ ತಡವಾದವನೂ ಒಬ್ಬನೇ. ಆದುದರಿಂದ ಅದು ಸರಿ. ಎಂಟನೆಯ ತರಗತಿಯಲ್ಲಿ ಇದನ್ನು ಕಲಿಸುವಾಗ ನಾನು ಮಕ್ಕಳಿಗೆ ಒಂದು ಸಣ್ಣ ಅಭ್ಯಾಸ ಕೊಡುತ್ತೇನೆ: ವಾಕ್ಯ ಬರೆದ ಮೇಲೆ ಕೃದಂತದ ಕೆಳಗೂ ಮುಖ್ಯ ಕ್ರಿಯಾಪದದ ಕೆಳಗೂ ಗೆರೆ ಎಳೆದು, ಎರಡಕ್ಕೂ ‘ಯಾರು?’ ಎಂದು ಕೇಳುವುದು. ಎರಡು ಉತ್ತರಗಳು ಬಂದರೆ ಕೃದಂತವನ್ನು ಬಿಟ್ಟು ‘ಬಿಕಾಸ್’ ಅಥವಾ ‘ಆ್ಯಸ್’ ಹಾಕಿ ವಾಕ್ಯವನ್ನು ಬಿಡಿಸಿ ಬರೆಯಬೇಕು.